ಬದುಕಿದ್ದವರ ಪಟ

ಮನುಷ್ಯ ಹುಟ್ಟಿದ ಊರನ್ನು ಬಿಡುವುದಕ್ಕೆ ಅನ್ನ, ಪ್ರಾಣಭಯ, ಜ್ಞಾನದ ಹಸಿವು ಎಂಬ ಘನವಾದ ಕಾರಣಗಳಿರುತ್ತವೆ ಎಂದು ತಿಳಿದವರು ಹೇಳುತ್ತಾರೆ. ನಾನು ಧಾರವಾಡ ಬಿಟ್ಟದ್ದು ಪಕ್ಕದ ಮನೆಯವರು ಗೋಡೆಗೆ ಗುಲಾಬಿ ಬಣ್ಣ ಬಳಿಸಿದ್ದರಿಂದ.

ಇದು ಹುಡುಗಾಟದ ಮಾತಲ್ಲ. ಎದುರಿಗೆ ಕೂರಿಸಿಕೊಂಡು ಮುಖ ಬರೆಯುವವನಿಗೆ ಉತ್ತರದ ಬೆಳಕು ಬೇಕು. ಅದು ದಿನವಿಡೀ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ನನ್ನ ಉತ್ತರಕ್ಕೆ ನಾಲ್ಕು ಅಂತಸ್ತು ಎದ್ದು, ಅದರ ಮೇಲೆ ಆ ಬಣ್ಣ ಬಿದ್ದ ಮೇಲೆ, ನನ್ನೆದುರು ಕುಳಿತ ವಕೀಲರು, ಅರಿವೆ ಅಂಗಡಿಯ ಸಾಹುಕಾರರು, ಕ್ಲಬ್ಬಿನ ಅಧ್ಯಕ್ಷರು ಎಲ್ಲರೂ ಆಗಷ್ಟೇ ನಾಚಿಕೊಂಡವರಂತೆ ಕಾಣತೊಡಗಿದರು. ಅವರಲ್ಲಿ ಯಾರಿಗೂ ಆ ಅಭ್ಯಾಸವಿರಲಿಲ್ಲ. ನನ್ನ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ತಡೆಯುವವರೂ ಇರಲಿಲ್ಲ. ಹಳೆಯ ಸಹಪಾಠಿಯೊಬ್ಬ, ಕೋಲಾರ ಚಿನ್ನದ ಗಣಿಯ ಊರಿನಲ್ಲಿ, ಮಾರಿಕುಪ್ಪಂ ಸ್ಟೇಷನ್ನಿನ ಹತ್ತಿರ, ಉತ್ತರದ ಗೋಡೆಯೇ ಕಿಟಕಿಯಾಗಿರುವ ಒಂದು ಮಹಡಿ ಬಾಡಿಗೆಗಿದೆ ಎಂದು ತಿಳಿಸಿದ. ಜನ ಬೆಳಕು ಬಿಟ್ಟು ನೆಲದೊಳಗೆ ಇಳಿದು ಬದುಕಿದ ಊರಿಗೆ ನಾನು ಬೆಳಕು ಹುಡುಕಿಕೊಂಡು ಹೊರಟೆ.

ಬಂದ ಮರುದಿನ ನಸುಕಿನಲ್ಲಿ ಕಿಟಕಿ ತೆರೆದರೆ ಊರಿಗೆ ಊರೇ ಓಡುತ್ತಿತ್ತು. ಒದ್ದೆ ಕೂದಲಿನ ಹೆಂಗಸರು, ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಬರುವ ಗಂಡಸರು, ಎಲ್ಲರ ಕೈಯಲ್ಲೂ ಊಟದ ಡಬ್ಬಿ, ಬಾಯಲ್ಲಿ ತಮಿಳು. ಏನೋ ಅನಾಹುತವಾಗಿದೆ ಎಂದು ಬರಿಗಾಲಿನಲ್ಲಿ ಮೆಟ್ಟಿಲಿಳಿದು ನಾನೂ ನಾಲ್ಕು ಹೆಜ್ಜೆ ಓಡಿದೆ. ಅಂಗಳದಲ್ಲಿ ಹಾಲು ಕರೆಯುತ್ತಿದ್ದ ಮನೆಯ ಯಜಮಾನಿ ಮುನಿರತ್ನಮ್ಮ ತಲೆಯೆತ್ತದೆ ಕೇಳಿದರು:

“ಅವ್ರು ರೈಲ್ಗೆ ಓಗ್ತಾವ್ರೆ ಸಾಮಿ. ಬೆಂಗ್ಳೂರ್ನಾಗೆ ಕೆಲ್ಸ, ರಾತ್ರಿಗ್ ಬತ್ತಾರೆ. ನೀವ್ಯಾಕ್ ಓಡ್ತೀರ?”

ಮೆಟ್ಟಿಲು ಹತ್ತಿ ಹಿಂದಿರುಗಿದೆ. ಇಂದಿಗೂ ರೈಲು ಕೂಗಿದರೆ ಎದ್ದು ನಿಲ್ಲುತ್ತೇನೆ. ಎಲ್ಲಿಗೆ ಹೋಗಬೇಕೆಂದು ಹೊಳೆಯದೆ ಮತ್ತೆ ಕೂರುತ್ತೇನೆ.

ಮುನಿರತ್ನಮ್ಮ ಕ್ಯಾಸಂಬಳ್ಳಿ ಕಡೆಯವರು. ಗಣಿಯಲ್ಲಿ ಕೂಲಿಯಾಗಿದ್ದವರನ್ನು ಮದುವೆಯಾಗಿ ಇಲ್ಲಿಗೆ ಬಂದರು. ಗಂಡ ಹೋಗಿ ಬಹಳ ಕಾಲವಾಯಿತು. ಈಗ ಎರಡು ಹಸು, ಮೇಲೊಬ್ಬ ಬಾಡಿಗೆದಾರ. ಎಲ್ಲಿಯೋ ಹಳೆಯ ಬಂಗಲೆ ಕೆಡವುವಾಗ ಅವರ ಮಾವ ಕಿಟಕಿಗಳನ್ನು ಹರಾಜಿನಲ್ಲಿ ಕೂಗಿಕೊಂಡು ಬಂದು, ಅವು ಹಾಳಾಗಬಾರದೆಂದು ಮಹಡಿ ಕಟ್ಟಿಸಿದರಂತೆ. ಈಕೆ ಹಸುವನ್ನು ತೆಲುಗಿನಲ್ಲಿ ಬೈಯುತ್ತಾರೆ, ಹಾಲು ಕೊಳ್ಳುವವರ ಹತ್ತಿರ ತಮಿಳಿನಲ್ಲಿ ಜಗಳವಾಡುತ್ತಾರೆ, ನನಗೆ ಬುದ್ಧಿಯನ್ನು ಕನ್ನಡದಲ್ಲಿ ಹೇಳುತ್ತಾರೆ. ನನ್ನ ಕನ್ನಡದ ಗತಿ ಬೇರೆ. “ಅರ್ಧಾ ಕಿಲೋ ಉಳ್ಳಾಗಡ್ಡಿ ಕೊಡ್ರಿ” ಎಂದದ್ದಕ್ಕೆ ಅಂಗಡಿಯವನು ಬಹಳ ಗೌರವದಿಂದ ಹಿಂದಿಯಲ್ಲಿ ಉತ್ತರಿಸಿದ.

ಧಾರವಾಡದ ಓಣಿಯ ಮನೆಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಊಟದ ಹೊತ್ತಾಯಿತೆಂದು ತಿಳಿಯುತ್ತಿತ್ತು. ಇಲ್ಲಿ ಮುದ್ದೆ ಸದ್ದಿಲ್ಲದೆ ಆಗಿಬಿಡುತ್ತದೆ. ಜೊತೆಗೆ ಬಸ್ಸಾರು, ಅಂದರೆ ಸೊಪ್ಪು ಕಾಳು ಬೇಯಿಸಿ ಬಸಿದ ನೀರಿಗೆ ಖಾರ ರುಬ್ಬಿ ಹಾಕಿದ್ದು. ಮೊದಲ ವಾರ ಹೊಟ್ಟೆ ತುಂಬಿದರೂ ಊಟವಾಗಿಲ್ಲವೆಂಬ ಸಂಶಯದಲ್ಲೇ ಕೈ ತೊಳೆಯುತ್ತಿದ್ದೆ.

ನನ್ನ ಸಾಮಾನಿನಲ್ಲಿ ಬಣ್ಣಕ್ಕಿಂತ ಭಾರವಾದದ್ದು ಪತ್ರಗಳ ಪೆಟ್ಟಿಗೆ. ನಾನು ಚಿತ್ರ ಬರೆದ ದೊಡ್ಡ ಮನುಷ್ಯರಿಗೆ ಎದುರು ಕುಳಿತಾಗ ಬಾಯಿ ಬರುತ್ತಿರಲಿಲ್ಲ. ಚಿತ್ರ ಮನೆಗೆ ಹೋದ ಮೇಲೆ ಪತ್ರ ಬರೆಯುತ್ತಿದ್ದರು. ಒಂದು ದಿನ ಮೇಲೆ ಬಂದ ಮುನಿರತ್ನಮ್ಮ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು.

“ಏನ್ ಸಾಮಿ ಇಷ್ಟ್ ಕಾಗ್ದ? ಕೋರ್ಟ್ ಕೇಸಾ?”

“ಅಲ್ರೀ. ನಾ ಯಾರ ಚಿತ್ರಾ ತಗದೇನಿ, ಅವರು ಬರದ ಪತ್ರ.”

“ಚೆಂದಾಗೈತೆ ಅಂತಾನಾ?”

“ಚಲೋ ಬಂದಿಲ್ಲ ಅಂತ.”

ಅವರು ಅಲ್ಲೇ ನೆಲದ ಮೇಲೆ ಕುಳಿತರು. “ಓದಿ ನೋಡನ.”

ಅಂದಿನಿಂದ ಸಂಜೆ ಹಾಲು ಹಾಕಿ ಬಂದ ಮೇಲೆ ಪತ್ರ ಓದಿಸಿಕೊಳ್ಳುವುದು ಅವರ ರೂಢಿಯಾಯಿತು. ಟಿ.ವಿ. ಮೂಲೆಗೆ ಬಿತ್ತು. ನಿವೃತ್ತ ನ್ಯಾಯಾಧೀಶರೊಬ್ಬರ ಪತ್ನಿಯ ಪತ್ರಗಳೆಂದರೆ ಅವರಿಗೆ ಪ್ರಾಣ. ‘ಚಿತ್ರದಲ್ಲಿ ಕಾಣುವ ಎರಡನೆಯ ಗದ್ದ ನನ್ನದಲ್ಲ, ಅದನ್ನು ಕೂಡಲೇ ತೆಗೆಯತಕ್ಕದ್ದು’ ಎಂದು ನಾನು ಓದಿದರೆ, ಇವರು ಗಂಭೀರವಾಗಿ ಕೇಳಿದರು: “ಅಂಗಾರೆ ಅದು ಯಾರ್ದಂತೆ?”

ಅದೇ ವಾರ ಆಕೆಯ ಪತಿ ಗುಟ್ಟಾಗಿ ಬರೆದದ್ದನ್ನೂ ಓದಿದೆ. ಗದ್ದವನ್ನು ದಯವಿಟ್ಟು ಇದ್ದಂತೆಯೇ ಬಿಡಬೇಕು, ಅದಿಲ್ಲದೆ ತಮಗೆ ಹೆಂಡತಿಯ ಗುರುತು ಹತ್ತುವುದಿಲ್ಲ ಎಂದಿತ್ತು.

“ಗಂಡ ಒಳ್ಳೇನು,” ಎಂದರು ಮುನಿರತ್ನಮ್ಮ. “ನೀವ್ ಯಾರ್ ಮಾತ್ ಕೇಳುದ್ರಿ?”

“ಶಾಲು ಹೊಚ್ಚಿಸಿಬಿಟ್ಟೆ.”

ಬಹಳ ಹೊತ್ತು ನಕ್ಕರು. ಊರು ಬಿಟ್ಟು ಬಂದ ಮೇಲೆ ನಾನು ಯಾರನ್ನಾದರೂ ನಗಿಸಿದ್ದು ಅದೇ ಮೊದಲು. ಇಷ್ಟು ಆಸಕ್ತಿಯಿರುವ ಈ ತಾಯಿಗೆ ತನ್ನದೂ ಒಂದು ಚಿತ್ರ ಬೇಕೆಂಬ ಆಸೆ ಇದ್ದೇ ಇರುತ್ತದೆ, ಬಾಯಿಬಿಟ್ಟು ಕೇಳಲಾರರು ಎಂದು ನಾನು ಸ್ವಂತ ಬುದ್ಧಿಯಿಂದ ತೀರ್ಮಾನಿಸಿದೆ. ಅವರಿಗೆ ತಿಳಿಯದಂತೆ, ಕಿಟಕಿಯಿಂದ ನೋಡಿ ನೋಡಿ, ಹಸುವಿನ ಪಕ್ಕ ನಿಂತ ಮುನಿರತ್ನಮ್ಮನವರನ್ನು ಬರೆದೆ. ನನ್ನ ಕೈಯಿಂದ ಅಷ್ಟು ಒಳ್ಳೆಯ ಮುಖ ಬಹಳ ವರ್ಷ ಬಂದಿರಲಿಲ್ಲ.

ಕಟ್ಟು ಹಾಕಿಸಲು ಬಂಗಾರಪೇಟೆಗೆ ಒಯ್ದೆ. ಕಟ್ಟು ಹಾಕುವವನು ಚಿತ್ರ ನೋಡಿ ದನಿ ತಗ್ಗಿಸಿದ. “ಎಷ್ಟ್ ವಯಸ್ಸಾಗಿತ್ತು ಸಾರ್?”

“ಅರವತ್ತು ದಾಟೇದ. ಗಟ್ಟಿ ಅದಾರ.”

ಅವನು ಅಳತೆಯ ಟೇಪು ಕೆಳಗಿಟ್ಟ. “ಬದ್ಕವ್ರಾ? ಅಂಗಾರೆ ಕಟ್ಟು ಯಾಕ್ ಸಾರ್ ಈಗ್ಲೇ?”

ಕಲೆಯ ವಿಷಯದಲ್ಲಿ ಈ ಕಡೆಯವರ ಅಜ್ಞಾನಕ್ಕೆ ಒಳಗೊಳಗೇ ಮರುಗಿ, ಗಾಜನ್ನೂ ಹಾಕಲು ಹೇಳಿದೆ.

ಮರುದಿನ ಬೆಳಿಗ್ಗೆ ಮುನಿರತ್ನಮ್ಮ ಹಾಲು ಕೊಡಲು ಹೋಗಿದ್ದಾಗ ಪಡಸಾಲೆಯ ಕುರ್ಚಿಯ ಮೇಲೆ ಪಟವಿಟ್ಟು, ಕಳೆ ಬರಲೆಂದು ಎರಡು ಚೆಂಡುಹೂ ಸಿಕ್ಕಿಸಿ, ಮೇಲೆ ಹೋಗಿ ಕಾದು ಕುಳಿತೆ. ಆದರೆ ಅವರಿಗಿಂತ ಮೊದಲು ಬಂದದ್ದು ಕಾಮಸಮುದ್ರದ ಬಸ್ಸು. ಅದರಲ್ಲಿ ಅವರ ಅಕ್ಕ. ಅವರೆಕಾಯಿ ಕೊಟ್ಟುಹೋಗಲು ಬಂದಿದ್ದ ಆ ಮುದುಕಿ ಕುರ್ಚಿಯ ಮೇಲಿನ ಪಟ ನೋಡಿ, ಚೀಲ ಕೈಬಿಟ್ಟು, ಅಲ್ಲೇ ಕುಸಿದು ಎದೆ ಬಡಿದುಕೊಳ್ಳತೊಡಗಿದರು. “ಒಂದ್ ಮಾತೂ ಏಳ್ಲಿಲ್ವಲ್ಲೇ ನಂಗೆ, ಎಲ್ಲಾ ಮುಗಿಸ್ಬುಟ್ರಾ.” ನಾನು ಇಳಿದು ಸಮಾಧಾನ ಹೇಳುವಷ್ಟರಲ್ಲಿ ಅಕ್ಕಪಕ್ಕದ ಹೆಂಗಸರು ಸೇರಿ ಅವರೂ ಶುರುಮಾಡಿದ್ದರು. ನನ್ನ ಧಾರವಾಡ ಕನ್ನಡ ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ಆಗ ಖಾಲಿ ಕ್ಯಾನು ಹಿಡಿದು ಮುನಿರತ್ನಮ್ಮ ಬಂದರು. ಗುಂಪು ನೋಡಿ ಅವರೂ ಗಾಬರಿಯಿಂದ, “ಯಾರ್ಗೇನಾಯ್ತು?” ಎಂದು ಕೇಳಿದರು. ಅಕ್ಕ ತಂಗಿಯ ಮುಖ ನೋಡಿದರು, ಪಟ ನೋಡಿದರು, ಇನ್ನೂ ಜೋರಾಗಿ ಅತ್ತರು.

ಎಲ್ಲರೂ ಹೋದ ಮೇಲೆ ಮುನಿರತ್ನಮ್ಮ ನನ್ನ ಕಡೆ ತಿರುಗಿದರು. ದನಿ ಎತ್ತರಿಸಲಿಲ್ಲ.

“ನಾನಿನ್ನೂ ಹಾಲ್ ಆಕ್ತಾ ಇವ್ನಿ. ಅಷ್ಟ್ರಾಗೇ ಗಾಜ್ ಆಕಿಸ್ಬುಟ್ರಾ ಸಾಮಿ?”

“ನಮ್ಮ ಕಡೆ ದೊಡ್ಡ ಮಂದಿ ಬದುಕಿದ್ದಾಗನ ಚಿತ್ರಾ ತಗಸ್ಕೋತಾರ್ರಿ. ನೀವ ಪತ್ರದಾಗ ಕೇಳೀರಲ್ಲ.”

“ಅದು ಅವ್ರ ಗೋಡೆ. ನಮ್ ಗೋಡೆ ಮ್ಯಾಕೆ ಏರ್ದೋರು ಕೆಳಿಕ್ ಇಳ್ಯಲ್ಲ.” ಒಳಗೆ ಗಂಡನ ಪಟದ ಸುತ್ತ ಕೆಂಪು ಹಸಿರು ಬಲ್ಬು ಮಿಣುಕುತ್ತಿದ್ದವು. “ಬೇರೆ ಮನೆ ನೋಡ್ಕಳಿ.”

ನಾನು ಬರೆದ ಪಟವನ್ನು ತೂಗುಹಾಕುವಂತಿರಲಿಲ್ಲ, ಮುಖವಿರುವುದನ್ನು ಬಿಸಾಡುವಂತೆಯೂ ಇರಲಿಲ್ಲ. ಅಕ್ಕನ ಅಪ್ಪಣೆಯಂತೆ ಅದು ಗೋಡೆಯ ಕಡೆ ಮುಖಮಾಡಿ ಬೂಸಾ ಮೂಟೆಯ ಹಿಂದೆ ಕುಳಿತಿತು.

ಆಮೇಲಿನ ದಿನಗಳಲ್ಲಿ ಹಾಲಿನ ಲೋಟ ಮೆಟ್ಟಿಲ ಮೇಲಿರುತ್ತಿತ್ತು, ಮಾತಿರುತ್ತಿರಲಿಲ್ಲ. ಸಂಜೆ ಪತ್ರದ ಪೆಟ್ಟಿಗೆ ತೆಗೆಯುತ್ತಿದ್ದೆ, ಮುಚ್ಚುತ್ತಿದ್ದೆ. ಸ್ಟೇಷನ್ನಿಗೆ ಹೋಗಿ ಬೆಂಚು ಬದಲಾಯಿಸುತ್ತ ಕೂರುತ್ತಿದ್ದೆ. ಒಮ್ಮೆ ಬಂಗಾರಪೇಟೆಯವರೆಗೆ ರೈಲಿನಲ್ಲಿ ಹೋಗಿ, ಚಹಾ ಕುಡಿದು, ಅದೇ ರೈಲು ಹಿಂದಿರುಗುವುದನ್ನು ಕಾದು ಬಂದೆ.

ಅಷ್ಟರಲ್ಲಿ ನ್ಯಾಯಾಧೀಶರ ಪತ್ನಿಯ ಪತ್ರ ಬಂತು. ಈಗ ಆಕೆ ಶಾಯಿಯಲ್ಲಿ ಬರೆದು, ಅದರ ಫೋಟೊ ತೆಗೆದು, ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಧಾರವಾಡದ ಕ್ಲಬ್ಬಿನ ಹಾಲ್‌ಗೆ ಹಿಂದಿನ ಅಧ್ಯಕ್ಷರೆಲ್ಲರ ಚಿತ್ರ ಆಗಬೇಕಿದೆ, ತಮ್ಮ ಮನೆಯಲ್ಲಿ ಉತ್ತರದ ಕೋಣೆ ಖಾಲಿ ಇದೆ, ತಿಂಗಳ ಕೊನೆಯೊಳಗೆ ಬರತಕ್ಕದ್ದು ಎಂದಿತ್ತು. ನಾನು ಕುಂಚ ತೊಳೆದು ಕಟ್ಟತೊಡಗಿದೆ.

ಸಪ್ಪಳ ಕೇಳಿ ಮುನಿರತ್ನಮ್ಮ ಬಾಗಿಲಿಗೆ ಬಂದು ನಿಂತರು.

“ಓಗ್ತೀರಾ?”

“ತಿಂಗಳ ಆಖೇರಿಗೆ. ಜಡ್ಜ್ ಸಾಹೇಬರ ಮನಿಯವರು ಕರದಾರ.”

“ಗದ್ದದಮ್ಮನಾ?” ಎಂದವರು ಕಟ್ಟಿಟ್ಟ ಕುಂಚಗಳನ್ನು ನೋಡಿದರು. “ಒಂದ್ ಕೇಳ್ತೀನಿ. ಊರೋರ್ದೆಲ್ಲಾ ಪಟ ಬರ್ದಿದೀರಲ್ಲ, ನಿಮ್ ಪಟ ಎಲ್ಲೈತೆ?”

“ಇಲ್ರಿ.”

“ಯಾಕೆ?”

ಹೊತ್ತು ಸಿಗಲಿಲ್ಲ ಎಂದೆ. ಕೂರುವವರು ಸಾಲಾಗಿ ಬರುತ್ತಿದ್ದರು ಎಂದೆ. ಅವರು ಕೇಳಿಸಿಕೊಂಡರು.

“ನಿಮ್ಗೂ ಭಯಾನೇ ಅನ್ನಿ,” ಎಂದರು, ಬಹಳ ಹಗುರಾಗಿ. “ಮೊದ್ಲು ನಿಮ್ದ್ ಬರ್ದು ಗಾಜಾಕಿ, ನಮ್ಮ ಗೋಡೆಗ್ ಆಕಿ. ಒಂದ್ ವರ್ಷ ನೋಡನ. ನೀವ್ ನೆಟ್ಟಗಿದ್ರೆ ನಂದೂ ಆಕ್ತೀನಿ. ಇಲ್ಲೇ ಇರ್ಬೇಕು ಮತ್ತೆ. ದೂರದಾಗ್ ಇದ್ರೆ ನಂಗೆಂಗೆ ಗೊತ್ತಾಗ್ತೈತೆ?”

ಕನ್ನಡಿಯೆದುರು ಕುಳಿತೆ. ನನ್ನ ಮುಖವನ್ನು ಕೆಲಸದ ಕಣ್ಣಿನಿಂದ ನೋಡಿದ್ದು ಅದೇ ಮೊದಲು. ಅರ್ಧ ಬರೆಯುವಷ್ಟರಲ್ಲಿ, ನನಗೆ ಬಂದ ಅಷ್ಟೂ ದೂರಿನ ಪತ್ರಗಳು ನ್ಯಾಯವಾದವು ಎನ್ನಿಸಿತು. ಶಾಲು ಹೊದಿಸುವ ಆಸೆಯಾಯಿತು, ಹೊದಿಸಲಿಲ್ಲ. ಕಟ್ಟು ಹಾಕುವವನು ಈ ಸಲ ಏನೂ ಕೇಳದೆ ಬೇಗ ಮುಗಿಸಿ ಕೊಟ್ಟ.

ಈಗ ಆ ಪಟ ಕೆಳಗಿನ ಮನೆಯಲ್ಲಿ, ಅವರ ಗಂಡನ ಪಟದಿಂದ ಮೊಳ ದೂರದಲ್ಲಿ, ಹೂವಿಲ್ಲದೆ, ಬಲ್ಬಿಲ್ಲದೆ ತೂಗುತ್ತಿದೆ. ಹಾಲಿಗೆ ಬಂದವರು ಅದನ್ನೂ ನನ್ನನ್ನೂ ಒಂದೊಂದು ಸಲ ನೋಡಿ ಹೋಗುತ್ತಾರೆ. ಕಾಮಸಮುದ್ರದ ಅಕ್ಕ ಫೋನು ಮಾಡಿದಾಗಲೆಲ್ಲ ಮೊದಲು ನನ್ನ ಆರೋಗ್ಯ ವಿಚಾರಿಸುತ್ತಾರೆ. ಧಾರವಾಡದಲ್ಲಿ ನನ್ನ ನೆಗಡಿಯ ಬಗ್ಗೆ ಯಾರೂ ಇಷ್ಟು ಕಳವಳಪಟ್ಟಿರಲಿಲ್ಲ. ಪತ್ರದ ಓದು ಮತ್ತೆ ನಡೆದಿದೆ. ನನ್ನ ಮತದಾರರ ಚೀಟಿ ಧಾರವಾಡದ್ದು, ಗ್ಯಾಸ್ ಸಿಲಿಂಡರು ಮಾರಿಕುಪ್ಪಂದು. ಕನಸಿನಲ್ಲಿ ಹಸು ಧಾರವಾಡದ ಓಣಿಯಲ್ಲಿ ನಿಂತಿರುತ್ತದೆ, ನಾನು ಅದನ್ನು ತಪ್ಪು ತೆಲುಗಿನಲ್ಲಿ ಕರೆಯುತ್ತಿರುತ್ತೇನೆ.

ವರ್ಷ ತುಂಬುವವರೆಗೆ ಬರಲಾಗುವುದಿಲ್ಲ ಎಂದು ನ್ಯಾಯಾಧೀಶರ ಪತ್ನಿಗೆ ಉತ್ತರ ಬರೆದೆ. ಕ್ಲಬ್ಬಿನವರು ಕೆಲಸವನ್ನು ಹುಬ್ಬಳ್ಳಿಯ ಒಬ್ಬ ಫೋಟೊಗ್ರಾಫರಿಗೆ ಕೊಟ್ಟಿದ್ದಾರೆ.