ಬಾಗಿಲ ಮೇಲಿನ ಕೆಂಪು ನಂಬರು

ಹೊಸನಗರದಿಂದ ಹುಲಿಕಲ್ ಕಡೆ ಹೋಗುವ ಬಸ್ಸು ತಿರುವಿನಲ್ಲಿ ಇಳಿಸಿಬಿಟ್ಟರೆ ಅಲ್ಲಿಂದ ಒಂದು ಗಂಟೆ ಏರು. ಎರಡು ಗುಡ್ಡಗಳ ನಡುವಿನ ಆ ಹದಿನಾಲ್ಕು ಮನೆಗಳ ಊರು ನನ್ನ ತಾಯಿಯ ತವರು. ದಾರಿ ಗೊತ್ತಿರುವ ಟೀಚರ್ ನೀವೊಬ್ಬರೇ ಎಂದು ಜನಗಣತಿಗೆ ನನ್ನನ್ನೇ ಹಾಕಿದರು. ನೆಂಟರ ಮನೆಗೆ ಹೋಗಿ ಬಂದ ಹಾಗೂ ಆಯಿತು ಎಂದು ಒಪ್ಪಿಕೊಂಡೆ. ನನ್ನ ಬುದ್ಧಿಗಿಷ್ಟು!

ಮೊದಲ ದಿನ, ಪೇಟೆಯಲ್ಲಿ ಮಾಡಿದ ಹಾಗೆಯೇ, ಯಾರನ್ನೂ ಮಾತಾಡಿಸದೆ ಕೆಂಪು ಮಾರ್ಕರಿನಲ್ಲಿ ಬಾಗಿಲು ಬಾಗಿಲಿಗೂ ನಂಬರು ಬರೆಯುತ್ತ ಹೋದೆ. ತಿರುಗಿ ಬರುವಷ್ಟರಲ್ಲಿ ಹದಿನಾಲ್ಕೂ ಮನೆಗೆ ಬೀಗ. ಎರಡನೇ ದಿನವೂ ಬೀಗ, ನಂಬರುಗಳ ಮೇಲೆ ಸಗಣಿ ಬಳಿದಿತ್ತು. ಬಚ್ಚಲೊಲೆಯ ಹೊಗೆ ಮಾತ್ರ ಏಳುತ್ತಲೇ ಇತ್ತು. ಮುಂದೆ ಬೀಗ ಜಡಿದು ಹಿತ್ತಲಿಂದ ಒಳಗೆ ಸೇರಿಕೊಂಡಿದ್ದರು. ನನಗೆ ಸಿಟ್ಟು ನೆತ್ತಿಗೇರಿತು.

ಆ ಸಂಜೆ ಮೇಲ್ವಿಚಾರಕರು ಫೋನಿನಲ್ಲಿ, ನಾಳೆಯೂ ಬೀಗವಿದ್ದರೆ ಜನವಿಲ್ಲ ಎಂದು ಬರೆದು ಮುಗಿಸಿ ಎಂದರು. ಸಿಟ್ಟು ಇಳಿದು ಹೆದರಿಕೆ ಹತ್ತಿತು. ಜನವಿಲ್ಲದ ಊರಿಗೆ ಕಾಗದದಲ್ಲಿ ಬೇಚರಾಕ್ ಎನ್ನುತ್ತಾರೆ. ಮೊದಲೇ ಕಾಡಂಚಿನ ಜಾಗ, ಹಕ್ಕುಪತ್ರ ಒಬ್ಬರ ಹತ್ತಿರವೂ ಇಲ್ಲ. ನಾಳೆ ಯಾರಾದರೂ ಬಂದು ಜಾಗ ಬಿಡಿ ಎಂದರೆ ಇವರು ಏನನ್ನು ತೋರಿಸಬೇಕು?

ಮೂರನೇ ದಿನ ನೇರವಾಗಿ ನನ್ನ ತಾಯಿಯ ಅಕ್ಕ, ದೊಡ್ಡಮ್ಮನ ಹಿತ್ತಲಿಗೆ ಹೋಗಿ ಕದ ಬಡಿದೆ. ನಾನೇ ಎಂದೆ. ಒಳಗಿನ ಪಿಸುಮಾತು ನಿಂತಿತು.

"ನೀನೇ ಅಂತ ಗೊತ್ತು ಮಗಾ," ದೊಡ್ಡಮ್ಮನ ದನಿ ಬಂತು. "ಅದ್ಕೇ ತೆಗೀಲಿಲ್ಲ. ನಿನ್ನ ಮುಖ ನೋಡಿ ಇಲ್ಲ ಅನ್ನಕ್ಕೆ ನಂಗೆ ಬಾಯಿ ಬರಲ್ಲ."

ಕದ ತೆಗೆಯದೆಯೇ ಹೇಳಿದಳು. ಶರಾವತಿ ದಡದ ಹಳೆಯ ಊರಿಗೆ, ಅವಳು ಚಿಕ್ಕವಳಿದ್ದಾಗ, ಹೀಗೇ ಯಾರೋ ಬಂದು ಮನೆ ಎಣಿಸಿ ಗೋಡೆಗೆ ಕೆಂಪು ನಂಬರು ಬರೆದರಂತೆ. ನಮ್ಮಜ್ಜ ಅವರನ್ನು ಜಗಲಿಯಲ್ಲಿ ಕೂರಿಸಿ ಬೆಲ್ಲ, ನೀರು ಕೊಟ್ಟನಂತೆ. ಆಮೇಲೆ ಆಣೆಕಟ್ಟೆಯ ನೀರು ಏರಿತು. ಲಾರಿಯಲ್ಲಿ ತಂದು ಈ ಗುಡ್ಡದ ಬುಡದಲ್ಲಿ ಇಳಿಸಿ ಹೋದರು. ಈ ಕಥೆಯನ್ನು ನಾನು ನೂರು ಸಲ ಕೇಳಿದ್ದೆ. ಮಾರ್ಕರು ಹಿಡಿದಾಗ ಒಂದು ಸಲವೂ ನೆನಪಾಗಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಬರೆಸದಿದ್ದರೆ ಏನಾಗುತ್ತದೆಂದು ಕದಕ್ಕೆ ಬಾಯಿಟ್ಟು ಹೇಳಿದೆ. ಬೈದೆ, ಅತ್ತುಬಿಟ್ಟೆ. ಕೊನೆಗೂ ಚಿಲಕ ಸರಿಯಿತು. ದೊಡ್ಡಮ್ಮ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಐದೂ ಹೆಸರು ಮೊಬೈಲಿನ ಗಣತಿ ಆ್ಯಪಿನಲ್ಲಿ ಬರೆದುಕೊಂಡೆ. ಆಮೇಲೆ ಅವಳೇ ಮುಂದೆ ನಡೆದು ಉಳಿದ ಮನೆಗಳ ಕದ ತೆಗೆಸಿದಳು. ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ನನ್ನ ಮೊಬೈಲಿನೊಳಗೆ ಬಂದಿತ್ತು. ಉಸ್ಸಪ್ಪಾ ಅನ್ನಿಸಿತು.

ಬ್ಯಾಗು ತೆಗೆದುಕೊಳ್ಳಲು ಅವಳ ನಡುಮನೆಗೆ ಹೋದೆ. ನಾಲ್ಕು ಗೋಣಿಚೀಲ ಬಾಯಿ ಕಟ್ಟಿ ಗೋಡೆಗೆ ಒರಗಿಸಿದ್ದರು. ಒಂದರಲ್ಲಿ ಪಾತ್ರೆ, ಒಂದರಲ್ಲಿ ಬಟ್ಟೆ, ಮೇಲೆ ದೇವರ ಪಟ, ಮಕ್ಕಳ ಶಾಲೆಯ ಪುಸ್ತಕ. ನಾನು ನಂಬರು ಬರೆದ ದಿನವೇ ಕಟ್ಟಿಟ್ಟಿದ್ದರಂತೆ.

ದೊಡ್ಡಮ್ಮ ಬೆಲ್ಲ, ನೀರು ತಂದು ನನ್ನ ಮುಂದಿಟ್ಟಳು. "ಬರ್ದಾಯ್ತಲ್ಲ ಮಗಾ. ಈಗ್ಲಾದ್ರೂ ಹೇಳು, ಯಾವಾಗ ಹೊರಡ್ಬೇಕು?"

ಯಾರೂ ಎಲ್ಲಿಗೂ ಹೋಗಬೇಕಿಲ್ಲ ಎಂದೆ. ಹೇಳುತ್ತಲೇ ಕೆಂಪು ಮಾರ್ಕರನ್ನು ಬ್ಯಾಗಿನ ತಳಕ್ಕೆ ತುರುಕಿದೆ. ಅವಳು ಅದನ್ನೇ ನೋಡುತ್ತಿದ್ದಳು.