ಕಣ್ಣಿಗೆ ಮೊದಲು ಬಿದ್ದದ್ದು

ಪೀಠೋಪಕರಣದ ಅಂಗಡಿಯಲ್ಲಿ ಅವರ ಕೆಲಸ, ಮಾರಾಟಕ್ಕಿಟ್ಟ ಸಾಮಾನನ್ನು ಮನೆಯ ಹಾಗೆ ಜೋಡಿಸುವುದು. ಮೂರೇ ಗೋಡೆಯ ಕೋಣೆಗಳು. ನಾಲ್ಕನೆಯ ಕಡೆ ಗಿರಾಕಿಗಳು. ಕಪಾಟಿನ ಪುಸ್ತಕಗಳಿಗೆ ಬೆನ್ನು ಬಿಟ್ಟರೆ ಬೇರೇನಿಲ್ಲ, ಟಿ.ವಿ. ರಟ್ಟಿನದು. ಜೋಡಿಸಿ ಮುಗಿದ ಮೇಲೆ ಬಾಗಿಲಿರಬೇಕಾದ ಜಾಗದಲ್ಲಿ ನಿಂತು ಕಣ್ಣು ಅರೆಮುಚ್ಚಿ ನೋಡುತ್ತಾರೆ. ಯಾವುದು ಮೊದಲು ಕಣ್ಣಿಗೆ ಚುಚ್ಚುತ್ತದೋ ಅದನ್ನೆತ್ತಿ ಆಚೆ ಇಡುತ್ತಾರೆ. ಮತ್ತೆ ನೋಡುತ್ತಾರೆ. ಸಾಮಾನು ಹೊರುವವರು ಅವರಿಗೆ ಇಟ್ಟ ಹೆಸರು ಖಾಲಿ ಮೇಷ್ಟ್ರು.

"ಮೇಷ್ಟ್ರೇ, ನಮ್ಮ ಊಟದ ಡಬ್ಬಿ ಕಡೆ ಮಾತ್ರ ಹಾಗೆ ನೋಡ್ಬೇಡಿ ಮಾರಾಯ್ರೇ!"

ಐವತ್ತು ದಾಟಿದ ಮೇಲೆ ಮೇಷ್ಟ್ರು ಈ ಪದ್ಧತಿಯನ್ನು ಎರಡನೇ ಮಹಡಿಯ ತಮ್ಮ ಮನೆಗೂ ತಂದರು. ಮೊದಲು ಕ್ಯಾಲೆಂಡರ್ ಹೋಯಿತು. ಆಮೇಲೆ ಶೋಕೇಸು, ಅದರೊಳಗಿನ ಪಿಂಗಾಣಿ ಬಾತುಕೋಳಿಗಳು, ಕೊನೆಗೆ ಸೋಫಾ. ನಡುಮನೆಯಲ್ಲಿ ಉಳಿದದ್ದು ಬಿಳಿ ಗೋಡೆ, ಎರಡು ಮರದ ಕುರ್ಚಿ, ಒಂದು ದೀಪ. ಹೆಂಡತಿಗೆ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ದಿನವಿಡೀ ನಿಂತು ಬಂದವಳು ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚುತ್ತಿದ್ದಳು. ತಲೆಯೆಣ್ಣೆಯ ಕಲೆ ಹತ್ತುತ್ತದೆಂದು ಮೇಷ್ಟ್ರು ಅದನ್ನೂ ಬಿಡಿಸಿದರು.

"ಹೋಗ್ಲಿ, ಧೂಳು ಹೊಡೆಯೋದು ತಪ್ತು" ಎಂದಳು ಆಕೆ. ಪಟ್ಟು ಹಿಡಿದದ್ದು ಒಂದಕ್ಕೇ: ಚಿಕ್ಕ ಕೋಣೆಯ ಮಂಚ. ಗಂಡ ತೀರಿಕೊಂಡ ಅವಳ ಅಕ್ಕ ತನ್ನ ಮಗಳ ಮನೆ ಸೇರಿದ್ದಳು. ಅಲ್ಲಿ ಅಳಿಯನ ಮುಖ ನೋಡಿ ತುತ್ತು ಎತ್ತುವ ಪಾಡು.

"ಅಕ್ಕ ಇನ್ನು ನಮ್ಮಲ್ಲೇ ಇರ್ಲಿ ಕಣ್ರೀ. ಅವಳಿಗೆ ಆ ಮಂಚ ಸಾಕು."

"ಬರ್ಲಿ. ನಾನ್ಯಾವತ್ತು ಬೇಡ ಅಂದೆ?"

ಮೇಷ್ಟ್ರು ಮನಸಾರೆ ಹೇಳಿದ ಮಾತೇ ಅದು.

ಅಕ್ಕ ಬಂದಳು, ಹಗ್ಗ ಬಿಗಿದ ನೀಲಿ ತಗಡಿನ ಪೆಟ್ಟಿಗೆಯ ಜೊತೆ. ಅದನ್ನು ನಡುಮನೆಯಲ್ಲಿಟ್ಟು ಮುಖ ತೊಳೆಯಲು ಹೋದಳು. ತಂಗಿ ಹಾಲು ತರಲು ಇಳಿದಳು. ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಕಣ್ಣು ತಾನಾಗಿ ಅರೆಮುಚ್ಚಿತು. ಪೆಟ್ಟಿಗೆ ಚುಚ್ಚಿತು. ಚಿಕ್ಕ ಕೋಣೆ ನಾಲ್ಕು ಹೆಜ್ಜೆಯಾಚೆಯೇ ಇತ್ತು. ಆದರೆ ಇಷ್ಟು ವರ್ಷ ಪಳಗಿದ ಕೈ ಪೆಟ್ಟಿಗೆಯನ್ನೆತ್ತಿ ಮೆಟ್ಟಿಲ ಬಳಿ ಇಟ್ಟಿತು. ತಿರುಗಿ ನೋಡಿದರು. ಕೋಣೆ ಚೆನ್ನಾಗಿ ಕಾಣುತ್ತಿತ್ತು.

ಟವೆಲಿನಲ್ಲಿ ಮುಖ ಒತ್ತಿಕೊಳ್ಳುತ್ತ ಬಂದ ಅಕ್ಕ ಬಾಗಿಲಾಚೆಯ ತನ್ನ ಪೆಟ್ಟಿಗೆ ನೋಡಿದಳು.

"ಅತ್ತಿಗೆ, ಹಾಗಲ್ಲ... ಸುಮ್ನೆ, ಹೇಗೆ ಕಾಣುತ್ತೆ ಅಂತ..."

"ಕಾಣ್ತಲ್ಲಪ್ಪ. ನನಗೂ ಕಾಣ್ತು."

ಟವೆಲನ್ನು ಮಡಿಸಿ ಕುರ್ಚಿಯ ಮೇಲಿಟ್ಟು ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿದಳು. ಮೇಷ್ಟ್ರು ಹಿಂದೆ ಇಳಿದು ಕೈ ಹಿಡಿದು ನಿಲ್ಲಿಸಬಹುದಿತ್ತು. ತಪ್ಪು ಒಪ್ಪಿಕೊಳ್ಳಲು ಮಾತು ಹುಡುಕುತ್ತ ನಿಂತರು.

ಹಾಲು ತಂದವಳು ವಿಷಯ ತಿಳಿದು ಬಸ್ ನಿಲ್ದಾಣಕ್ಕೆ ಓಡುವಷ್ಟರಲ್ಲಿ ಬಸ್ಸು ಹೊರಟಿತ್ತು. ಅಳಿಯನ ಮನೆಯಿಂದಲೇ ಅಕ್ಕ ಫೋನಿನಲ್ಲಿ ಹೇಳಿದಳು: "ನಿನ್ನ ಗಂಡ ಒಂದು ಕೆಟ್ಟ ಮಾತೂ ಆಡ್ಲಿಲ್ಲ ಕಣೇ. ಬೈದಿದ್ರೆ ಅಲ್ಲೇ ಕೂತು ಜಗಳ ಆಡ್ತಿದ್ದೆ." ಮೇಷ್ಟ್ರು ಎರಡು ಸಲ ಕರೆಯಲು ಹೋದರು. ಅಳಿಯ ಕೂರಿಸಿ ಮಾತನಾಡಿಸಿದ. ಅಕ್ಕ ಒಳಗಿಂದ ಬರಲಿಲ್ಲ.

ಹೆಂಡತಿ ಮನೆ ಬಿಟ್ಟಿಲ್ಲ. ಅಡುಗೆ ಮಾಡುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಚಿಕ್ಕ ಕೋಣೆಯ ಮಂಚವನ್ನು ತಾನೇ ಮಾರಿಸಿದಳು. ಸಂತೆಯಿಂದ ಕೆಂಪು ಪ್ಲಾಸ್ಟಿಕ್ ಸ್ಟೂಲೊಂದನ್ನು ತಂದು, ಪೆಟ್ಟಿಗೆ ಇದ್ದಲ್ಲೇ, ಮೆಟ್ಟಿಲ ಬಳಿ ಹಾಕಿಕೊಂಡಿದ್ದಾಳೆ. ಲಾಂಡ್ರಿಯಿಂದ ಬಂದವಳೇ ಅಲ್ಲಿ ಕೂತು, ಸುಣ್ಣ ಉದುರುವ ಗೋಡೆಗೆ ಬೆನ್ನು ಕೊಟ್ಟು ಅಕ್ಕನಿಗೆ ಫೋನ್ ಮಾಡುತ್ತಾಳೆ.

"ಯಾಕಮ್ಮ, ಒಳಗೆ ಜಾಗ ಇಲ್ವಾ?" ಮೇಲಿನ ಮನೆಯಾಕೆ ಇಳಿಯುತ್ತ ಛೇಡಿಸಿದಳು.

"ಒಳಗೆ ಬರೀ ಜಾಗಾನೇ ಇರೋದು."

ಸಂಜೆ ಮೇಷ್ಟ್ರು ಕುರ್ಚಿಯಲ್ಲಿ ಕೂತು ತೆರೆದ ಬಾಗಿಲ ಕಡೆ ನೋಡುತ್ತಾರೆ. ಕೆಂಪು ಸ್ಟೂಲು ಕಣ್ಣಿಗೆ ಚುಚ್ಚುತ್ತದೆ. ಅದು ಆಗಲೇ ಆಚೆ ಇದೆ.