ಮ್ಯಾನೇಜರ ದನಿಯಲ್ಲಿ ಕೇಳಿದ ಪಾಸ್‌ವರ್ಡ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಬ್ಯಾಂಕಿನ ಪಾಸ್‌ವರ್ಡ್ ಕದಿಯಲು ಹೋದ ಮೂರ್ಖ ನಾನೇ. ಕದ್ದು ಮಾಡಬೇಕಾದ್ದೇನೂ ಇರಲಿಲ್ಲ. ಅಕ್ಕನ ಕೈಯಿಂದ ಅದು ಜಾರಬೇಕು, ಅಷ್ಟೇ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಕೊಟ್ಟೂರಿನ ಸಹಕಾರಿ ಬ್ಯಾಂಕಿನಲ್ಲಿ ನನ್ನ ಪಕ್ಕದ ಕುರ್ಚಿಯವಳು. ನೌಕರಿಗೆ ನನಗಿಂತ ಎರಡು ವರ್ಷ ತಡವಾಗಿ ಬಂದವಳು, ವಯಸ್ಸಿನಲ್ಲಿ ಹಿರಿಯಳು. ಹಾಗಾಗಿ ಹೊಟ್ಟೆಕಿಚ್ಚು ಪಡುವಾಗಲೂ ‘ಅಕ್ಕಾ’ ಎನ್ನಲೇಬೇಕಿತ್ತು. ಕಂಪ್ಯೂಟರ್ ಬಂದಾಗ ಮ್ಯಾನೇಜರು ಅದರ ಪಾಸ್‌ವರ್ಡನ್ನು ಅವಳೊಬ್ಬಳಿಗೇ ವಹಿಸಿದರು. ದಿನಾ ಬೆಳಿಗ್ಗೆ ಅವಳು ಕೀಬೋರ್ಡಿನ ಮೇಲೆ ಸೆರಗು ಹೊದಿಸಿ ಒಳಗೆ ಬೆರಳಾಡಿಸುತ್ತಿದ್ದಳು, ಬೆಕ್ಕಿಗೆ ಕಾಣದಂತೆ ಬೆಣ್ಣೆ ಮುಚ್ಚಿದ ಹಾಗೆ. ಬೆಕ್ಕು ಯಾರೆಂದು ಬೇರೆ ಹೇಳಬೇಕೆ? ಮ್ಯಾನೇಜರು ಹೊರಗಿನಿಂದ ಫೋನ್ ಮಾಡಿದರೂ ಅವಳನ್ನೇ ಕರೆಯುತ್ತಿದ್ದರು. ಅಷ್ಟುದ್ದ ಏನು ಮಾತಾಡುತ್ತಾರೋ ಎಂದು ನಾನು ಕೂತಲ್ಲೇ ಬೇಯುತ್ತಿದ್ದೆ. ಸೇಡಿಗೆಂದು ಅವಳ ನಡಿಗೆ, ಅವಳ ಕೆಮ್ಮು ಎಲ್ಲ ಅಣಕಿಸಿ ತೋರಿಸಿದೆ. ಗಿರಾಕಿಗಳು ನಕ್ಕರು. ಪಾಸ್‌ವರ್ಡ್ ಸೆರಗಿನೊಳಗೇ ಉಳಿಯಿತು.

ಆ ವರ್ಷ ಬೆಂಗಳೂರಿನಿಂದ ಆಡಿಟರ್ ಒಬ್ಬರು ಬಂದರು. ಲೆಕ್ಕ ನೋಡುವವರಲ್ಲ, ಗಿರಾಕಿಗಳ ಮಾಹಿತಿ ಯಾರ ಕಣ್ಣಿಗೆ ಬೀಳುತ್ತದೆ, ಯಾರ ಕೈಗೆ ಸಿಗುತ್ತದೆ ಎಂದು ನೋಡುವವರು. ಬೀಗ, ಬೀರು, ಕಸದ ಬುಟ್ಟಿ ಎಲ್ಲದರಲ್ಲಿ ಇಣುಕಿ, ಚಹಾ ಕುಡಿಯುತ್ತ ಹೇಳಿದರು: “ಕಳ್ಳ ಕಿಟಕಿಯಿಂದ ಬರೋದಿಲ್ಲ. ಫೋನ್ ಮಾಡಿ ಕೇಳ್ತಾನೆ, ನೀವೇ ಹೇಳ್ತೀರಿ. ಹಾಗೆ ಹೇಳಿದವರ ಕೈಲಿ ಪಾಸ್‌ವರ್ಡ್ ಬಿಡಬೇಡಿ ಅಂತಲೇ ನಾನು ಬರೆಯೋದು.”

ನನ್ನ ಕಿವಿ ನಿಮಿರಿತು. ಅವಳ ಕೈ ತಪ್ಪಿದರೆ ಕಂಪ್ಯೂಟರ್ ಬಲ್ಲವನು ಉಳಿಯುವುದು ನಾನೊಬ್ಬನೇ.

ಮರುದಿನ ಮ್ಯಾನೇಜರು ಹಡಗಲಿಗೆ ಮೀಟಿಂಗಿಗೆ ಹೋದರು. ನಾನು ಊಟದ ನೆಪ ಹೇಳಿ ಬಸ್‌ಸ್ಟ್ಯಾಂಡಿನ ಕಾಯಿನ್ ಫೋನ್ ಹಿಡಿದೆ. ಅವರಂತೆಯೇ ಎರಡು ಸಲ ಗಂಟಲು ಕೆರೆದು, ದವಡೆಯಲ್ಲಿ ಎಲೆಯಡಿಕೆ ಇಟ್ಟ ದನಿ ತೆಗೆದೆ.

“ಏನವಾ, ಊಟ ಆತೇನು?”

“ಆತ್ರಿ ಸರ.”

“ಇಲ್ಲಿ ಮೀಟಿಂಗಿನ್ಯಾಗ ಕೇಳಾಕತ್ಯಾರ. ಆ ಪಾಸ್‌ವರ್ಡ್ ಒಂದೀಟು ಹೇಳು.”

ಅಷ್ಟರಲ್ಲಿ ಬೆನ್ನ ಹಿಂದೆ ಕಂಡಕ್ಟರ್ “ಕೂಡ್ಲಿಗಿ, ಕೂಡ್ಲಿಗಿ” ಎಂದು ಬಾಯಿ ಮಾಡಿದ. ಗಾಬರಿಯಾಗಿ ರಿಸೀವರಿಗೆ ಅಂಗೈ ಅಡ್ಡ ಹಿಡಿದೆ.

“ಬರಕೊಳ್ರಿ ಸರ. ಮಂಡಕ್ಕಿ. ಅದರ ಮುಂದ ಒಂದು, ಎರಡು, ಮೂರು.”

ಅಂಗೈ ಮೇಲೆ ಬರೆದುಕೊಂಡು ಓಡಿದೆ. ಆಡಿಟರ ಮುಂದೆ ಕೈ ಚಾಚಿ, ಅವಳಿಗೂ ಕೇಳುವಂತೆ ಹೇಳಿದೆ: “ನೋಡ್ರಿ ಸರ, ಸಾಹೇಬ್ರ ದನಿ ಮಾಡಿ ಕೇಳಿದ್ನಿ. ನಮ್ಮಕ್ಕ ಫೋನಿನ್ಯಾಗ ಕೊಟ್ಟುಬಿಟ್ಳು!”

ಆಡಿಟರು ಒತ್ತಿ ನೋಡಿದರು. ಕಂಪ್ಯೂಟರ್ ಒಪ್ಪಲಿಲ್ಲ. ಬೆವರಿಗೆ ಅಕ್ಷರ ಕದಡಿರಬೇಕೆಂದು ನಾನೇ ಒತ್ತಿದೆ. ಆಗಲೂ ಇಲ್ಲ.

“ಇವರು ಅಂತ ಹೇಗೆ ಗೊತ್ತಾಯ್ತಮ್ಮ? ದನಿ ಸರಿಯಿರಲಿಲ್ವಾ?” ಎಂದು ಆಡಿಟರು ಕೇಳಿದರು.

“ದನಿ ಥೇಟ್ ಸಾಹೇಬ್ರದ ಇತ್ರಿ. ಹೆಸರಿಡೂ ಹಂಗಿರ್ಲಿಲ್ಲ.”

ಅಂಥ ಹೊತ್ತಿನಲ್ಲೂ ನನಗೆ ಒಳಗೊಳಗೇ ಖುಷಿಯಾಯಿತು, ನಾಚಿಕೆಗೆಟ್ಟ ಜೀವ. “ಕಂಡಕ್ಟರ್ ಕೂಗಿದ್ದು ಕೇಳಿಸ್ತೇನಕ್ಕಾ?” ಎಂದೆ.

ಅವಳು ಸೆರಗು ಸರಿಪಡಿಸಿಕೊಂಡಳು.

“ಯಾವ ಕಂಡಕ್ಟರ್ರೋ ತಮ್ಮಾ? ಸಾಹೇಬ್ರು ಯಾವಾಗ ಫೋನ್ ಮಾಡಿದ್ರೂ ಮೊದಲು ‘ಆ ಮಂಗ್ಯಾ ಎಲ್ಲೆದಾನ?’ ಅಂತ ನಿನ್ನ ಸುದ್ದಿನ ಕೇಳ್ತಾರ. ಇವತ್ತು ಕೇಳ್ಲಿಲ್ಲ. ನೀ ಎಲ್ಲಿದ್ದಿ ಅಂಬೋದು ನಿನಗ ಗೊತ್ತಿತ್ತಲ್ಲ!”